ಬಚ್ಚಲುಮನೆಯ ಚಾವಣಿಯಲ್ಲಿ ಬೂಷ್ಟು: ಕಲೆಯ ಆಕಾರದಿಂದ ನೀರಿನ ಮೂಲ ಹುಡುಕುವ ಬಗೆ

ಬಚ್ಚಲುಮನೆಯ ಚಾವಣಿಯಲ್ಲಿ ಕಪ್ಪು ಚುಕ್ಕೆಗಳು ಕಂಡರೆ ನಾವು ಮೊದಲು ಬಟ್ಟೆ ಹಿಡಿದು ಒರೆಸುತ್ತೇವೆ, ಅದರಿಂದ ಹೋಗದಿದ್ದರೆ ಮೇಲೊಂದು ಬಣ್ಣ ಬಳಿಸುತ್ತೇವೆ. ಎರಡರಿಂದಲೂ ಕಲೆ ಕೆಲವು ವಾರ ಮರೆಯಾಗಿದ್ದು ಆಮೇಲೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಬೂಷ್ಟಿನ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಸದಾ ಇರುತ್ತವೆ. ಅವಕ್ಕೆ ಬೇಕಾದ ಆಹಾರ ಬಣ್ಣದಲ್ಲಿ, ಧೂಳಿನಲ್ಲಿ, ಸೋಪಿನ ಜಿಡ್ಡಿನಲ್ಲಿ ಸಿಗುತ್ತದೆ; ಬೇಕಾದಷ್ಟು ಬಿಸುಪು ಮನೆಯೊಳಗೆ ಇದ್ದೇ ಇರುತ್ತದೆ. ನಮ್ಮ ಹತೋಟಿಯಲ್ಲಿ ಇರುವುದು ನೀರು ಮಾತ್ರ. ಒಂದು ಜಾಗ 24ರಿಂದ 48 ಗಂಟೆಗಳ ಕಾಲ ಒದ್ದೆಯಾಗಿಯೇ ಉಳಿದರೆ ಬೂಷ್ಟು ಬೆಳೆಯತೊಡಗಲು ಅಷ್ಟು ಸಾಕು. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಚಾವಣಿಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು: ಸ್ನಾನದ ಹಬೆಯಿಂದಲೋ, ಮೇಲಿನಿಂದ ಸೋರಿಯೋ, ಹೊರಗೋಡೆಯ ಮೂಲಕವೋ? ಇದರ ಉತ್ತರ ಬಹುಪಾಲು ಕಲೆಯ ಆಕಾರದಲ್ಲಿಯೇ ಇರುತ್ತದೆ. ಹಾಗಾಗಿ ಒರೆಸುವ ಮುನ್ನ ಹಗಲಿನ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಲೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ಪಕ್ಕದಲ್ಲಿ ಅಂದಿನ ದಿನಾಂಕ ಬರೆಯಿರಿ.

ಏಣಿ ಹತ್ತುವ ಮೊದಲು

ಚಾವಣಿಯ ದೀಪ, ಎಕ್ಸಾಸ್ಟ್ ಫ್ಯಾನ್ ಅಥವಾ ಗೀಸರಿನ ವೈರು ಇರುವಲ್ಲಿ ತೇವ ಕಾಣಿಸಿದರೆ ಸ್ವಿಚ್ ಆರಿಸಿದರೆ ಸಾಲದು. ಮೀಟರ್ ಪೆಟ್ಟಿಗೆಯ ಬಳಿ ಆ ಭಾಗದ ವಿದ್ಯುತ್ತನ್ನೇ ಕಡಿಯುವ ಎಂ.ಸಿ.ಬಿ. ಸ್ವಿಚ್ಚನ್ನು ಕೆಳಗೆ ಮಾಡಿ, ಬೆಳಕಿಗೆ ಟಾರ್ಚ್ ಬಳಸಿ. ದೀಪದ ಬುಡದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅಥವಾ ಸ್ವಿಚ್ ಮುಟ್ಟಿದಾಗ ಸಣ್ಣಗೆ ಜುಮ್ಮೆನಿಸಿದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡದೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಬಚ್ಚಲಿನ ನೆಲವನ್ನು ಒಣಗಿಸಿಯೇ ಏಣಿ ಇಡಬೇಕು, ಕೆಳಗೆ ಒಬ್ಬರು ಹಿಡಿದಿರಬೇಕು. ತಲೆಯ ಮೇಲಿನ ಕೆಲಸವಾದ್ದರಿಂದ ಉದುರುವುದೆಲ್ಲ ಕಣ್ಣಿಗೇ ಬರುತ್ತದೆ. ಸುತ್ತಲೂ ಮುಚ್ಚಿಕೊಳ್ಳುವ, ಗಾಳಿಕಿಂಡಿ ಇಲ್ಲದ ಕನ್ನಡಕ, ರಬ್ಬರ್ ಕೈಗವಸು ಮತ್ತು ಎನ್95 ಮುಖಗವಸು ಮೂರೂ ಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಬೀಜಕಣಗಳನ್ನು ತಡೆಯುವುದಿಲ್ಲ. ಆಸ್ತಮಾ ಇರುವವರು, ಬೂಷ್ಟಿಗೆ ಅಲರ್ಜಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಿಂದಲೋ ಅಂಗಕಸಿಯ ಔಷಧಗಳಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದವರು ಈ ಕೆಲಸಕ್ಕೆ ಇಳಿಯಬಾರದು. ಕೆಲಸ ನಡೆಯುವಾಗ ಪಕ್ಕದ ಕೋಣೆಯಲ್ಲಿ ಇರುವುದೂ ಬೇಡ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಚಾವಣಿ ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟಿನದಾಗಿದ್ದರೆ ಅಥವಾ ಹಲವು ದಶಕಗಳ ಹಿಂದಿನ, ಸೀಸ ಬೆರೆತಿರಬಹುದಾದ ಬಣ್ಣದ ಪದರಗಳು ಅದರ ಮೇಲಿದ್ದರೆ ಒಣಗಿದ್ದಾಗ ಕೆರೆಯುವುದು, ಉಜ್ಜುಕಾಗದ ಹಾಕುವುದು ಸಲ್ಲದು. ಅಂಥ ಧೂಳು ಬೂಷ್ಟಿಗಿಂತ ಹೆಚ್ಚು ಅಪಾಯಕಾರಿ.

ಕಲೆ ಇದೆ, ಆದರೆ ಅದು ಬೂಷ್ಟೇ ಎಂದು ಖಾತ್ರಿ ಇಲ್ಲ

ಚಾವಣಿಯ ಕಪ್ಪೆಲ್ಲ ಬೂಷ್ಟಲ್ಲ. ದೀಪ ಹಚ್ಚುವ, ಒಲೆ ಉರಿಸುವ ಅಭ್ಯಾಸವಿರುವ ಮನೆಗಳಲ್ಲಿ ಮಸಿ ಕೂಡ ತಣ್ಣನೆಯ ಜಾಗ ಹುಡುಕಿಕೊಂಡು ಕೂರುತ್ತದೆ. ಇದನ್ನು ತಿಳಿಯಲು ಒಂದು ಭಾಗ ಬ್ಲೀಚ್ ದ್ರಾವಣಕ್ಕೆ 16 ಭಾಗ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ, ಕಲೆಯ ಮೂಲೆಯೊಂದಕ್ಕೆ ತಾಗಿಸಿ ಎರಡು ನಿಮಿಷ ಕಾಯಿರಿ. ಅಷ್ಟು ಜಾಗದ ಬಣ್ಣ ತಿಳಿಯಾದರೆ ಅದು ಬೂಷ್ಟಾಗಿರುವ ಸಾಧ್ಯತೆ ಹೆಚ್ಚು. ಏನೂ ಬದಲಾಗದಿದ್ದರೆ ಮಸಿಯೋ ಕೊಳೆಯೋ ಆಗಿರುತ್ತದೆ.

ಬಿಳಿ, ನಯವಾದ ಹರಳಿನಂಥ ಪುಡಿ ಕಂಡರೆ ಬೆರಳಿನಿಂದ ತಿಕ್ಕಿ, ಒಂದು ಹನಿ ನೀರಿನಲ್ಲಿ ಹಾಕಿ ನೋಡಿ. ಕರಗಿದರೆ ಅದು ಗಾರೆಯೊಳಗಿನ ಉಪ್ಪು. ನೀರು ಕಾಂಕ್ರೀಟಿನ ಮೂಲಕ ಹಾದು ಬರುವಾಗ ಉಪ್ಪನ್ನು ಹೊತ್ತು ತಂದು, ತಾನು ಆರಿಹೋಗಿ, ಅದನ್ನು ಹೊರಮೈಯಲ್ಲಿ ಬಿಟ್ಟಿದೆ. ಬಿಳಿ ಬೂಷ್ಟಾದರೆ ಕರಗುವುದಿಲ್ಲ, ಹತ್ತಿಯ ಎಳೆಯಂತೆ ಅಂಟಿಕೊಳ್ಳುತ್ತದೆ. ಟೈಲ್ಸಿನ ಸಂದಿನಲ್ಲಿ, ಷವರಿನ ಬಳಿ ಕಾಣುವ ಗುಲಾಬಿ ಬಣ್ಣದ ಲೋಳೆ ಸಾಮಾನ್ಯವಾಗಿ ಬೂಷ್ಟಲ್ಲ, ಬ್ಯಾಕ್ಟೀರಿಯಾ.

ಕಪ್ಪಗಿದ್ದರೆ ವಿಷಕಾರಿ, ಹಸಿರಾಗಿದ್ದರೆ ಸಾಧು ಎಂಬ ನಂಬಿಕೆಗೆ ಆಧಾರವಿಲ್ಲ. ಹೆಚ್ಚು ಹೆದರಿಸುವ ಸ್ಟ್ಯಾಕಿಬಾಟ್ರಿಸ್ ಎಂಬ ಬೂಷ್ಟಿನ ಜಾತಿ ಕಪ್ಪಗಿರುವುದು ನಿಜ, ಆದರೆ ಬಚ್ಚಲಿನಲ್ಲಿ ತೀರ ಸಾಮಾನ್ಯವಾದ ಕ್ಲಾಡೋಸ್ಪೋರಿಯಂ ಎಂಬ ಜಾತಿ ಕೂಡ ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ. ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ ಆದ್ದರಿಂದ ಅದನ್ನು ಪತ್ತೆಹಚ್ಚಲು ಪ್ರಯೋಗಾಲಯಕ್ಕೆ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಚಾವಣಿಯ ತುಂಬ ಸಾಸಿವೆ ಚೆಲ್ಲಿದಂತೆ ಸಣ್ಣ ಚುಕ್ಕೆಗಳು

ಅತಿ ಹೆಚ್ಚು ಮನೆಗಳಲ್ಲಿ ಕಾಣುವ ಲಕ್ಷಣ ಇದೇ, ಮತ್ತು ಇದಕ್ಕೆ ಕಾರಣ ಬಹುಮಟ್ಟಿಗೆ ಸ್ನಾನದ ಹಬೆ. ಚುಕ್ಕೆಗಳಿಗೆ ನಿರ್ದಿಷ್ಟ ಅಂಚು ಇರುವುದಿಲ್ಲ; ಷವರಿನ ನೇರ ಮೇಲೆ ದಟ್ಟವಾಗಿದ್ದು, ಕಿಟಕಿಯ ಕಡೆಗೆ ಹೋದಂತೆ ವಿರಳವಾಗುತ್ತವೆ.

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು; 30 ಡಿಗ್ರಿಯಲ್ಲಿ ಅದೇ ಗಾಳಿ ಸುಮಾರು 30 ಗ್ರಾಂ ಹಿಡಿಯುತ್ತದೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಬಚ್ಚಲುಮನೆಯಲ್ಲಿ 10 ಘನ ಮೀಟರ್ ಗಾಳಿ ಇರುತ್ತದೆ. ಬಿಸಿನೀರಿನ ಸ್ನಾನದಿಂದ ಅದು 30 ಡಿಗ್ರಿಗೆ ಏರಿ, ಹಬೆಯಿಂದ ತುಂಬಿ, ಹೊರಗೆ ಹೋಗಲು ದಾರಿ ಇಲ್ಲದೆ ಮತ್ತೆ 20 ಡಿಗ್ರಿಗೆ ಇಳಿದರೆ ಸುಮಾರು 130 ಗ್ರಾಂ, ಎಂದರೆ ಅರ್ಧ ಲೋಟದಷ್ಟು ನೀರು ಗೋಡೆಗೂ ಚಾವಣಿಗೂ ಅಂಟಿಕೊಳ್ಳಲೇಬೇಕು. ಬಿಸಿಗಾಳಿ ಮೇಲೇರುವುದರಿಂದ ಚಾವಣಿಗೆ ಅದರ ದೊಡ್ಡ ಪಾಲು ಸಿಗುತ್ತದೆ. ಕಣ್ಣಿಗೆ ಹನಿ ಕಾಣಲೇಬೇಕೆಂದೂ ಇಲ್ಲ. ಮೇಲ್ಮೈಗೆ ತಾಗಿದ ಗಾಳಿಯ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗ ಇರುವ ಪಾಲು) ಶೇಕಡ 80ನ್ನು ದಾಟಿ ದಿನಗಟ್ಟಲೆ ಹಾಗೆಯೇ ಇದ್ದರೆ ಬೂಷ್ಟು ಬೆಳೆಯಬಲ್ಲದು.

ಖರ್ಚಿಲ್ಲದ ಮೊದಲ ಪರೀಕ್ಷೆಗೆ ಕನ್ನಡಿಯೊಂದೇ ಸಾಕು. ಸ್ನಾನ ಮುಗಿಸಿ, ಎಂದಿನಂತೆ ಫ್ಯಾನ್ ಅಥವಾ ಕಿಟಕಿಯನ್ನು ಬಳಸಿ, ಕನ್ನಡಿಯ ಮಂಜು ತಾನಾಗಿ ಬಿಡಲು ಎಷ್ಟು ಹೊತ್ತು ಬೇಕಾಯಿತೆಂದು ನೋಡಿ. ಅರ್ಧ ಗಂಟೆಯ ಮೇಲೂ ಮಂಜು ಉಳಿದಿದ್ದರೆ ಗಾಳಿಯಾಟ ಸಾಲದು. ಮನೆಯಲ್ಲಿ ಆರ್ದ್ರತೆ ಅಳೆಯುವ ಚಿಕ್ಕ ಯಂತ್ರವಿದ್ದರೆ ಇನ್ನೂ ಒಳ್ಳೆಯದು: ಸ್ನಾನದ ಹೊತ್ತಿನಲ್ಲಿ ಅಂಕಿ ಏರುವುದು ಸಹಜ, ಆಮೇಲೆ ಅದು ಶೇಕಡ 60ಕ್ಕಿಂತ ಕೆಳಗೆ ಇಳಿಯುತ್ತದೆಯೇ, ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಗಮನಿಸಿ. ಹೊರಗಿನ ಗಾಳಿಯೇ ಬಹಳ ತೇವವಾಗಿರುವ ದಿನಗಳಲ್ಲಿ ಕಿಟಕಿ ತೆರೆದರೂ ಅಂಕಿ ಇಳಿಯುವುದಿಲ್ಲ. ಅಂಥ ದಿನಗಳಲ್ಲಿ ಚಾವಣಿಯನ್ನು ಉದ್ದ ಕೋಲಿಗೆ ಕಟ್ಟಿದ ಒಣ ಬಟ್ಟೆಯಿಂದ ಒರೆಸುವುದೇ ಹೆಚ್ಚು ಉಪಯುಕ್ತ.

ಎರಡನೆಯದು ಫ್ಯಾನಿನ ಪರೀಕ್ಷೆ. ಫ್ಯಾನ್ ಓಡುತ್ತಿರುವಾಗ ಅದರ ಜಾಲರಿಗೆ ತೆಳುವಾದ ಟಿಶ್ಯೂ ಕಾಗದದ ಚೂರೊಂದನ್ನು ಹಿಡಿದು ಕೈಬಿಡಿ. ಕಾಗದ ಅಂಟಿಕೊಂಡು ನಿಲ್ಲಬೇಕು. ಬಿದ್ದುಹೋದರೆ ಎಂ.ಸಿ.ಬಿ. ಆರಿಸಿ, ಜಾಲರಿ ಬಿಚ್ಚಿ, ರೆಕ್ಕೆಗಳ ಮೇಲಿನ ಧೂಳಿನ ಪದರವನ್ನು ತೆಗೆದು ಮತ್ತೆ ಪರೀಕ್ಷಿಸಿ. ಆಗಲೂ ಬಿದ್ದರೆ ಬಾಗಿಲನ್ನು ಒಂದು ಗೇಣು ತೆರೆದು ಇನ್ನೊಮ್ಮೆ ನೋಡಿ. ಬಾಗಿಲು ತೆರೆದಾಗ ಮಾತ್ರ ಕಾಗದ ನಿಲ್ಲುತ್ತದೆಂದರೆ ಫ್ಯಾನ್ ಸರಿಯಾಗಿದೆ, ಹೊರಹೋಗುವ ಗಾಳಿಯ ಜಾಗಕ್ಕೆ ಬರಬೇಕಾದ ಗಾಳಿಗೇ ದಾರಿ ಇಲ್ಲ. ಬಾಗಿಲಿನ ಅಡಿಯಲ್ಲಿ ಎರಡು ಬೆರಳಿನಷ್ಟು ಸಂದು ಮಾಡಿಸಿದರೆ ದೋಷ ಅಲ್ಲಿಗೆ ಮುಗಿಯುತ್ತದೆ. ಫ್ಯಾನನ್ನು ಸ್ನಾನ ಮುಗಿದ ಕೂಡಲೇ ಆರಿಸದೆ, 20ರಿಂದ 30 ನಿಮಿಷ ಓಡಲು ಬಿಡಬೇಕು.

ಫ್ಯಾನ್ ಎಳೆಯುತ್ತಿದೆ, ಆದರೂ ಬೂಷ್ಟು ಬರುತ್ತಿದೆ ಎಂದರೆ ಅದು ಎಳೆದ ಹಬೆಯನ್ನು ಎಲ್ಲಿ ಬಿಡುತ್ತಿದೆ ಎಂದು ನೋಡಬೇಕು. ಇದನ್ನು ನಾನು ಕಲಿತದ್ದು ನನ್ನ ಮನೆಯಲ್ಲಿಯೇ. ಮೂರು ಸಲ ಬಣ್ಣ ಬಳಿಸಿದ ಮೇಲೂ ಚುಕ್ಕೆಗಳು ಮರಳಿ ಬಂದಾಗ ಕೊನೆಗೆ ಫಾಲ್ಸ್ ಸೀಲಿಂಗಿನ ಒಂದು ಹಲಗೆಯನ್ನು ಸರಿಸಿ ಟಾರ್ಚ್ ಹಾಕಿ ನೋಡಿದೆ. ಫ್ಯಾನಿನಿಂದ ಹೊರಗೋಡೆಗೆ ಹೋಗಬೇಕಾದ ಸುಕ್ಕುಸುಕ್ಕಾದ ಕೊಳವೆ ತನ್ನ ಕ್ಲಿಪ್ಪಿನಿಂದ ಜಾರಿ, ಹಲಗೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು; ಅದರ ಬಾಯಿಯ ಸುತ್ತ ಒಂದು ಮೊಳದಷ್ಟು ಜಾಗ ತುಪ್ಪಳದಂಥ ಬೂದು ಬೂಷ್ಟಿನಿಂದ ಮುಚ್ಚಿಹೋಗಿತ್ತು. ಪ್ರತಿದಿನ ಬಚ್ಚಲಿನ ಹಬೆಯನ್ನು ನಾವೇ ಕಷ್ಟಪಟ್ಟು ಚಾವಣಿಯ ಬೆನ್ನಿಗೆ ಊದುತ್ತಿದ್ದೆವು. ಬಣ್ಣ ಬಳಿದವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಹೊರಗಿನಿಂದ ಗೋಡೆಯ ಕಿಂಡಿಯ ಬಳಿ ಕೈ ಹಿಡಿದು ಗಾಳಿ ಬರುತ್ತಿದೆಯೇ ಎಂದು ಮೊದಲೇ ನೋಡಿದ್ದರೆ ಮೂರು ಸಲದ ಬಣ್ಣ ಉಳಿಯುತ್ತಿತ್ತು.

ಗ್ಯಾಸ್ ಗೀಸರ್ ಬಚ್ಚಲಿನೊಳಗೇ ಇದ್ದರೆ ಈ ಲಕ್ಷಣವನ್ನು ಬೂಷ್ಟಿನ ಸೂಚನೆಯಾಗಿ ಮಾತ್ರ ನೋಡಬೇಡಿ. ಒಂದು ಕಿಲೋ ಎಲ್.ಪಿ.ಜಿ. ಉರಿದಾಗ ಒಂದೂವರೆ ಕಿಲೋಗಿಂತಲೂ ಹೆಚ್ಚು ನೀರಾವಿ ಹುಟ್ಟುತ್ತದೆ; ಅದು ಹೊರಹೋಗದ ಕೋಣೆಯಲ್ಲಿ, ವಾಸನೆಯೂ ಬಣ್ಣವೂ ಇಲ್ಲದೆ ಪ್ರಾಣ ತೆಗೆಯುವ ಕಾರ್ಬನ್ ಮಾನಾಕ್ಸೈಡ್ ಕೂಡ ಉಳಿಯಬಲ್ಲದು. ಅಂಥ ಗೀಸರನ್ನು ಬಳಸುವುದು ನಿಲ್ಲಿಸಿ, ಗೀಸರನ್ನೇ ಹೊರಗೆ ಹಾಕಿಸಿ ಅಥವಾ ಅದರ ಹೊಗೆಗೆ ಪ್ರತ್ಯೇಕ ಕೊಳವೆ ಇರುವಂತೆ ಮಾಡಿಸಿದ ಮೇಲೆಯೇ ಮತ್ತೆ ಹಚ್ಚಿರಿ. ಎಕ್ಸಾಸ್ಟ್ ಫ್ಯಾನ್ ಜೋರಾದದ್ದನ್ನು ಹಾಕಿದರೆ ಇದು ಸರಿಹೋಗುವುದಿಲ್ಲ; ಮುಚ್ಚಿದ ಕೋಣೆಯಲ್ಲಿ ಅದು ಹೊಗೆಯನ್ನು ಒಳಕ್ಕೇ ಎಳೆದುಕೊಳ್ಳಬಹುದು.

ಒಂದು ಮೂಲೆಯಲ್ಲಿ ಮಾತ್ರ, ಅಥವಾ ನೇರ ಗೆರೆಯಂತೆ

ಹೊರಗೋಡೆ ಮತ್ತು ಚಾವಣಿ ಕೂಡುವ ಮೂಲೆ, ತೊಲೆ ಹಾದುಹೋಗುವ ಗೆರೆ ಇವು ಉಳಿದ ಮೇಲ್ಮೈಗಿಂತ ತಣ್ಣಗಿರುತ್ತವೆ. ಮೂಲೆಯಲ್ಲಿ ಗಾಳಿಯ ಚಲನೆಯೂ ಕಡಿಮೆ. ಆದ್ದರಿಂದ ಉಳಿದೆಡೆ ಏನೂ ಆಗದಷ್ಟು ಹಬೆಯೂ ಅಲ್ಲಿ ನೀರಾಗುತ್ತದೆ. ಅಲ್ಲೊಂದು ಎತ್ತರದ ಕಪಾಟೋ, ಬಟ್ಟೆ ಒಣಗಿಸುವ ಹಗ್ಗವೋ ಇದ್ದರೆ ಮೊದಲು ಅದನ್ನು ಸರಿಸಿ ಎರಡು ವಾರ ನೋಡಿ. ಒದ್ದೆ ಬಟ್ಟೆಯನ್ನು ಬಚ್ಚಲಿನಲ್ಲಿ ಹರವುವುದು ನಿಂತರೆ ಎಷ್ಟೋ ಮೂಲೆಗಳು ತಾವಾಗಿ ಒಣಗುತ್ತವೆ.

ಆದರೆ ಮೂಲೆಯ ಕಲೆ ಮಳೆ ಬಂದ ಮಾರನೆಯ ದಿನ ಗಾಢವಾಗಿ, ಬಿಸಿಲು ಬಿದ್ದ ವಾರದಲ್ಲಿ ತಿಳಿಯಾಗುತ್ತಿದ್ದರೆ ಅದು ಹಬೆಯಲ್ಲ. ಹೊರಗೋಡೆಯ ಬಿರುಕು, ಕಿಟಕಿಯ ಮೇಲಿನ ಸಜ್ಜದಲ್ಲಿ ನಿಂತ ನೀರು, ತುಂಬಿ ಹರಿಯುವ ನೀರಿನ ಟ್ಯಾಂಕ್, ಕಸ ಕಟ್ಟಿಕೊಂಡ ಮಳೆನೀರಿನ ಕೊಳವೆ ಇವನ್ನು ಹೊರಗೆ ಹೋಗಿ ಕಣ್ಣಾರೆ ನೋಡಬೇಕು.

ಕಂದು ಅಂಚಿನ ಉಂಗುರ, ಅದರೊಳಗೆ ಬೂಷ್ಟು

ಚಹಾ ಚೆಲ್ಲಿ ಒಣಗಿದಂಥ ಹಳದಿ ಅಥವಾ ಕಂದು ಅಂಚು ಇದ್ದರೆ ನೀರು ಮೇಲಿನಿಂದ ಇಳಿದಿದೆ ಎಂದೇ ಹಿಡಿಯಬೇಕು. ಒಂದರೊಳಗೊಂದು ಹಲವು ಉಂಗುರಗಳಿದ್ದರೆ ಸೋರಿಕೆ ಬಿಟ್ಟು ಬಿಟ್ಟು ಆಗುತ್ತಿದೆ: ಒಮ್ಮೆ ನೆನೆದು ಒಣಗಿದಾಗ ಒಂದು ಅಂಚು ಉಳಿಯುತ್ತದೆ.

ಸಂದೇಹವಿದ್ದರೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ. ಕಲೆಯ ಜಾಗವನ್ನು ಒರೆಸಿ ಒಣಗಿಸಿ, ಒಂದು ಅಡಿ ಚೌಕದ ಪಾರದರ್ಶಕ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ, 24ರಿಂದ 48 ಗಂಟೆ ಬಿಡಿ. ನಮ್ಮ ಕಡೆಗಿರುವ ಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಹಬೆ. ಹಾಳೆಯ ಹಿಂದೆ, ಚಾವಣಿಗೆ ತಾಗಿದ ಕಡೆ ಹನಿ ಕಂಡರೆ ನೀರು ಸ್ಲ್ಯಾಬಿನಿಂದ ಬರುತ್ತಿದೆ. ಎರಡೂ ಕಡೆ ಇರುವುದುಂಟು, ಆಗ ಎರಡನ್ನೂ ಸರಿಪಡಿಸಬೇಕು.

ಸೋರಿಕೆ ಖಚಿತವಾದ ಮೇಲೆ ಹೊತ್ತನ್ನು ಬರೆದಿಡುವುದು ಯಾವ ಉಪಕರಣಕ್ಕಿಂತಲೂ ಹೆಚ್ಚು ಹೇಳುತ್ತದೆ. ಮೇಲಿನ ಮನೆಯವರು ಸ್ನಾನ ಮಾಡಿದ ಒಂದೆರಡು ಗಂಟೆಗಳಲ್ಲಿ ಹನಿ ಬಂದು ಆಮೇಲೆ ನಿಂತರೆ ಅದು ಹೊರಹೋಗುವ ನೀರಿನ ಕೊಳವೆ, ನೆಲದ ಟ್ರ್ಯಾಪಿನ (ಬಚ್ಚಲಿನ ನೀರು ಇಳಿದುಹೋಗುವ ಜಾಲರಿಯ ಕೆಳಗಿನ ಬಟ್ಟಲು) ಕೀಲು ಅಥವಾ ಟೈಲ್ಸಿನ ಸಂದು. ಹಗಲುರಾತ್ರಿ ಒಂದೇ ಸಮನೆ ಜಿನುಗಿದರೆ ಒತ್ತಡದಲ್ಲಿರುವ ಒಳಬರುವ ಕೊಳವೆ. ಇದನ್ನು ಖಚಿತಪಡಿಸಲು ಆ ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ, ಮೀಟರಿನ ಅಂಕಿ ಬರೆದುಕೊಂಡು, ಎರಡು ಗಂಟೆಯ ಬಳಿಕ ಮತ್ತೆ ನೋಡಿ. ಯಾರೂ ನೀರು ಬಳಸದೆ ಅಂಕಿ ಮುಂದೆ ಹೋಗಿದ್ದರೆ ಕೊಳವೆಯಲ್ಲಿ ಎಲ್ಲೋ ಸೋರುತ್ತಿದೆ. ಮಳೆಯ ನಂತರವೇ ಬಂದರೆ ತಾರಸಿ.

ಮೇಲಿನ ಬಚ್ಚಲಿನ ನೆಲವೇ ಸೋರುತ್ತಿದೆಯೋ ಕೊಳವೆಯೋ ಎಂದು ತಿಳಿಯಲು ಅಲ್ಲಿನ ಟ್ರ್ಯಾಪಿನ ಬಾಯಿಯನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದಲ್ಲಿ ಒಂದು ಅಂಗುಲದಷ್ಟು ನೀರು ನಿಲ್ಲಿಸಿ, ಅದಕ್ಕೆ ಸ್ವಲ್ಪ ಆಹಾರದ ಬಣ್ಣ ಬೆರೆಸಿ 24 ಗಂಟೆ ಕಾಯಬಹುದು. ಬಣ್ಣದ ನೀರು ಕೆಳಗಿಳಿದರೆ ನೆಲದ ನೀರುತಡೆ ಪದರ ಹೋಗಿದೆ. ಇಳಿಯದೆ, ಮುಚ್ಚಳ ತೆಗೆದಾಗ ಮಾತ್ರ ಹನಿ ಕಂಡರೆ ಟ್ರ್ಯಾಪ್ ಅಥವಾ ಕೊಳವೆ. ಸ್ಲ್ಯಾಬಿನಲ್ಲಿ ಈಗಾಗಲೇ ಬಿರುಕು, ಉಬ್ಬು ಇದ್ದರೆ ಈ ಪರೀಕ್ಷೆ ಬೇಡ, ಅಷ್ಟು ನೀರಿನ ಭಾರವನ್ನು ಅದರ ಮೇಲೆ ಹೊರಿಸಬಾರದು. ಮೇಲಿನ ಮನೆ ಬೇರೆಯವರದಾದರೆ ದಿನಾಂಕ ಬರೆದ ಫೋಟೊಗಳನ್ನೂ ಹೊತ್ತಿನ ಪಟ್ಟಿಯನ್ನೂ ಹಿಡಿದು ಹೋಗಿ ಮಾತಾಡಿ. ಕಲೆಯನ್ನು ಅವರೇ ನೋಡುವಂತೆ ಮಾಡಿದರೆ ವಾದಕ್ಕೆ ಎಡೆ ಕಡಿಮೆಯಾಗುತ್ತದೆ. ನೀರು ಕಲೆಯ ನೇರ ಮೇಲಿನಿಂದಲೇ ಇಳಿಯಬೇಕೆಂದಿಲ್ಲ. ಸ್ಲ್ಯಾಬಿನೊಳಗೆ ಇಳಿಜಾರು ಸಿಕ್ಕಿದತ್ತ ಹರಿದು ಎಷ್ಟೋ ದೂರದಲ್ಲಿ ಹೊರಬರುತ್ತದೆ. ಪ್ಲಂಬರ್ ಕಲೆಯ ಮೇಲೆಯೇ ನೆಲ ಒಡೆಯಲು ಹೊರಟರೆ ಈ ಪರೀಕ್ಷೆಗಳು ಮುಗಿಯುವವರೆಗೆ ತಡೆಯಿರಿ.

ಬಣ್ಣ ಉಬ್ಬಿದೆ, ಗಾರೆ ಉದುರುತ್ತಿದೆ, ತುಕ್ಕಿನ ಗೆರೆ ಕಾಣುತ್ತಿದೆ

ಬಣ್ಣ ಮಾತ್ರ ಹೊಪ್ಪಳೆ ಎದ್ದಿದ್ದರೆ ಅದರ ಹಿಂದೆ ತೇವ ಸಿಕ್ಕಿಕೊಂಡಿದೆ ಎಂದಷ್ಟೇ ಅರ್ಥ. ಆದರೆ ಕಂದುಗೆಂಪು ಗೆರೆ ನೇರವಾಗಿ ಓಡಿದ್ದರೆ, ಆ ಗೆರೆಯ ಉದ್ದಕ್ಕೂ ಬಿರುಕಿದ್ದರೆ, ಕೋಲಿನ ತುದಿಯಿಂದ ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತಿದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೆ ಸುತ್ತಲಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಇಲ್ಲಿಗೆ ನಿಮ್ಮ ಪರೀಕ್ಷೆ ನಿಲ್ಲಿಸಿ. ಕೆರೆಯಬೇಡಿ, ಅದರ ಕೆಳಗೆ ನಿಂತು ಸ್ನಾನ ಮಾಡಬೇಡಿ. ಕಟ್ಟಡದ ಬಲ ಪರೀಕ್ಷಿಸುವ ಎಂಜಿನಿಯರನ್ನು ಕರೆಸಿ. ಮೇಲೆ ಗಾರೆ ಮೆತ್ತಿ ಬಣ್ಣ ಬಳಿದುಕೊಡುತ್ತೇನೆ ಎನ್ನುವವರ ಮಾತಿಗೆ ಒಪ್ಪಬೇಡಿ, ಒಳಗಿನ ಸರಳು ಅದರಿಂದ ಒಣಗುವುದಿಲ್ಲ.

ಕಲೆ ಕಾಣದು, ಮುಗ್ಗಲು ವಾಸನೆ ಮಾತ್ರ

ಫಾಲ್ಸ್ ಸೀಲಿಂಗ್ ಇರುವ ಬಚ್ಚಲುಗಳಲ್ಲಿ ಬೂಷ್ಟು ಮೊದಲು ಹಲಗೆಯ ಬೆನ್ನಿನಲ್ಲಿ ಬೆಳೆದಿರುತ್ತದೆ. ಜಿಪ್ಸಂ ಹಲಗೆಯ ಎರಡೂ ಮೈಗೆ ಕಾಗದ ಇರುವುದರಿಂದ ನೀರು ಸಿಕ್ಕರೆ ಅದು ಬೂಷ್ಟಿಗೆ ಒಳ್ಳೆಯ ಆಹಾರ. ದೀಪದ ತೂತಿನ ಬಳಿ ಅಥವಾ ತೆರೆಯುವ ಬಾಗಿಲಿನಿಂದ ಟಾರ್ಚ್ ಹಾಕಿ ನೋಡಿ. ಹಲಗೆ ಬೆರಳಿಗೆ ಮೆತ್ತಗೆ ಸಿಕ್ಕರೆ ಅಥವಾ ಜೋತುಬಿದ್ದಿದ್ದರೆ ಅದನ್ನು ತೊಳೆದು ಉಳಿಸಲಾಗದು, ಕತ್ತರಿಸಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಹಾಕಬೇಕು. ನೀರು ತುಂಬಿ ಹೊಟ್ಟೆಯಂತೆ ಉಬ್ಬಿದ ಹಲಗೆ ಯಾವ ಕ್ಷಣದಲ್ಲಾದರೂ ಕುಸಿಯಬಹುದು.

ಸಹಾಯ ಯಾವಾಗ ಬೇಕು

ಬೂಷ್ಟು ಹಿಡಿದ ಒಟ್ಟು ಜಾಗ ಸುಮಾರು 10 ಚದರ ಅಡಿಯನ್ನು, ಎಂದರೆ ಹೆಚ್ಚುಕಡಿಮೆ ಮೂರಡಿಗೆ ಮೂರಡಿ ಚೌಕವನ್ನು ಮೀರಿದ್ದರೆ ಮನೆಯವರೇ ತೊಳೆಯುವ ಕೆಲಸವಲ್ಲ. ಮಲದ ಕೊಳವೆಯಿಂದ ಸೋರಿದ ನೀರಾದರೆ ಜಾಗ ಎಷ್ಟೇ ಚಿಕ್ಕದಿದ್ದರೂ ತಿಳಿದವರಿಗೆ ಬಿಡಬೇಕು. ಎಷ್ಟು ಬೂಷ್ಟು ಇದ್ದರೆ ಆರೋಗ್ಯಕ್ಕೆ ತೊಂದರೆಯಿಲ್ಲ ಎಂಬ ಅಂಕಿಯನ್ನು ನಿಗದಿ ಮಾಡಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ತೇವವನ್ನೇ ತಡೆಯಬೇಕೆಂಬುದು ಅದರ ಸಲಹೆ. ಮನೆಯಲ್ಲಿ ಯಾರಿಗಾದರೂ ಬಿಡದ ಕೆಮ್ಮು, ಉಬ್ಬಸ, ಮೂಗು ಸೋರುವುದು ಇದ್ದು, ಮನೆ ಬಿಟ್ಟು ಕೆಲವು ದಿನ ಬೇರೆಡೆ ಇದ್ದಾಗ ಅದು ತಗ್ಗುತ್ತಿದ್ದರೆ ವೈದ್ಯರಿಗೆ ಬೂಷ್ಟಿನ ವಿಷಯವನ್ನೂ ತಿಳಿಸಿ.

ತೊಳೆದರೂ ಬಣ್ಣ ಬಳಿದರೂ ಮತ್ತೆ ಬರುತ್ತದೆ

ನೀರಿನ ಮೂಲ ನಿಂತ ಮೇಲೆ ಮಾತ್ರ ತೊಳೆಯುವುದಕ್ಕೆ ಅರ್ಥವಿದೆ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಮೊದಲು ಸೋಪಿನ ನೀರನ್ನು ಮೆಲ್ಲನೆ ಸಿಂಪಡಿಸಿ ನೆನೆಸಿ, ಆಮೇಲೆ ಸ್ಪಂಜಿನಿಂದ ಅಂಚಿನಿಂದ ಒಳಕ್ಕೆ ಒರೆಸಿ. ಕಿಟಕಿ ತೆರೆದಿರಲಿ, ಮನೆಯೊಳಗಿನ ಬಾಗಿಲು ಮುಚ್ಚಿರಲಿ. ಬಳಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಸತ್ತ ಬೂಷ್ಟೂ ಅಲರ್ಜಿ ಉಂಟುಮಾಡಬಲ್ಲದು, ಆದ್ದರಿಂದ ಅದನ್ನು ಮೇಲ್ಮೈಯಿಂದ ತೆಗೆದುಹಾಕುವುದೇ ಮುಖ್ಯ.

ಟೈಲ್ಸ್, ಗಾಜಿನಂಥ ಗಟ್ಟಿ ಮೇಲ್ಮೈಗಳಲ್ಲಿ ಬ್ಲೀಚ್ ಕೆಲಸ ಮಾಡುತ್ತದೆ. ಗಾರೆಯಂಥ ರಂಧ್ರವಿರುವ ಮೇಲ್ಮೈಯಲ್ಲಿ ಅದು ಮೇಲಿನ ಬಣ್ಣವನ್ನು ಬಿಳಿಚಿಸುತ್ತದೆ, ಒಳಗಿನ ಬೇರಿಗೆ ತಲುಪುವುದಿಲ್ಲ. ಹೋಯಿತೆಂದು ನಾವು ಮೋಸಹೋಗುವುದು ಇಲ್ಲಿಯೇ. ಬ್ಲೀಚನ್ನು ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆಮ್ಲದೊಂದಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರಿನೊಂದಿಗೆ ಬೆರೆಸಿದರೆ ಕ್ಲೋರಮೀನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಒಂದನ್ನು ಹಾಕಿ ತೊಳೆದ ಜಾಗಕ್ಕೆ ಅದೇ ಹೊತ್ತಿನಲ್ಲಿ ಇನ್ನೊಂದನ್ನು ಹಾಕುವುದೂ ಬೆರೆಸಿದಂತೆಯೇ. ಕಣ್ಣು ಉರಿದು ಕೆಮ್ಮು ಬಂದರೆ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಗಿನ ಗಾಳಿಗೆ ಬನ್ನಿ. ಉಸಿರಾಟ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ.

ತೊಳೆದ ಚಾವಣಿ ಪೂರ್ತಿ ಒಣಗುವ ತನಕ ಬಣ್ಣ ಬೇಡ. ಸ್ಲ್ಯಾಬ್ ನೆನೆದಿದ್ದರೆ ಅದು ಒಣಗಲು ದಿನಗಳಲ್ಲ, ವಾರಗಳು ಬೇಕು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೆ ಮಾಡಿ, ಎರಡು ದಿನ ಹಾಳೆಯ ಹಿಂದೆ ಹನಿ ಬಾರದಿದ್ದರೆ ಪುಟ್ಟಿ, ಕಲೆ ತಡೆಯುವ ಪ್ರೈಮರ್, ಆಮೇಲೆ ಬೂಷ್ಟುನಿರೋಧಕ ಬಣ್ಣ ಹಾಕಿಸಬಹುದು. ಈ ಬಣ್ಣ ಬೂಷ್ಟಿನ ಬೆಳವಣಿಗೆಯನ್ನು ತಡಮಾಡುತ್ತದೆ ಅಷ್ಟೆ, ಸೋರುವ ಚಾವಣಿಯ ಮೇಲೆ ಅದೂ ಚಕ್ಕೆಯಾಗಿ ಉದುರುತ್ತದೆ. ಬಳಿದ ಮೇಲೆ ಮೂರು ತಿಂಗಳು, ವಾರಕ್ಕೊಮ್ಮೆ, ಮೊದಲ ದಿನ ತೆಗೆದ ಫೋಟೊವನ್ನು ಕೈಯಲ್ಲಿ ಹಿಡಿದು ಚಾವಣಿಯನ್ನು ನೋಡಿ: ಹಳೆಯ ಉಂಗುರದ ಜಾಗದಲ್ಲಿಯೇ ಕಲೆ ಎದ್ದರೆ ಪ್ಲಂಬರನ್ನು ಮತ್ತೆ ಕರೆಯಿರಿ, ಬೇರೆ ಕಡೆ ಚದುರಿದ ಚುಕ್ಕೆಗಳು ಕಂಡರೆ ಟಿಶ್ಯೂ ಕಾಗದದೊಂದಿಗೆ ಫ್ಯಾನಿನ ಬಳಿಗೆ ಹೋಗಿ.